ಮುಂದಿನ ನಿಲ್ದಾಣ, ಮೆಜೆಸ್ಟಿಕ್

ಊಟದ ಮೇಜಿನ ಅರ್ಧ ಅಕ್ಕನ ಪಾಲಾಗಿದೆ. ಪಾಲಿಟೆಕ್ನಿಕ್ ಪ್ರಾಜೆಕ್ಟು: ಬಸ್ಸಿನಲ್ಲಿ ನಿಲ್ದಾಣದ ಹೆಸರು ಹೇಳುವ ಪೆಟ್ಟಿಗೆ. ಕುರ್ಚಿ ಎಳೆದುಕೊಂಡು ಕೂತುಕೊಳ್ಳಿ, ವೈರಿಗೆ ಮೊಣಕೈ ತಾಗದಿರಲಿ. ಆರ್ಡುಯಿನೊದ ಚಿಪ್ಪಿನಲ್ಲಿ ಅವಳದೇ ದನಿ ತುಂಬಿದೆ. 11ನೇ ಪಿನ್ನಿಗೆ 220 ಓಮ್ ರೆಸಿಸ್ಟರ್, ಅದರಾಚೆ 8 ಓಮ್ ಸ್ಪೀಕರ್. ರೀಸೆಟ್ ಒತ್ತುತ್ತಾಳೆ. ಬಗ್ಗಿ, ಕಿವಿ ಹತ್ತಿರ ತನ್ನಿ. ಸೊಳ್ಳೆ ಗುಂಯ್‌ಗುಟ್ಟಿದಂತೆ ಏನೋ ಕೇಳಿತಲ್ಲ, ಅದೇ ಮೆಜೆಸ್ಟಿಕ್.

"ಆ ರೆಸಿಸ್ಟರ್ ಕಿತ್ತು ಹಾಕಕ್ಕಾ," ಅನ್ನುತ್ತಾನೆ ತಮ್ಮ.

"ಚಿಪ್ಪು ಸುಟ್ಟುಹೋಗತ್ತೆ ಕಣೋ."

ಅವಳ ಲೆಕ್ಕ ಸರಿ. 5 ವೋಲ್ಟನ್ನು 8 ಓಮ್‌ಗೆ ನೇರ ಕೊಟ್ಟರೆ 600 ಮಿಲಿಆಂಪ್ ದಾಟುತ್ತದೆ. ಆ ಪಿನ್ನು ತಡೆಯುವುದು ಹೆಚ್ಚೆಂದರೆ 40. ವೋಲ್ಟೇಜಿಗೆ ಬರವಿಲ್ಲ, ಕರೆಂಟಿಗೆ ಬರ. ಇದು ತಲೆಗೆ ಹೋಗದವರೇ ಆಂಪ್ಲಿಫೈಯರ್ ತಂದು ಪಿನ್ನಿಗೆ ನೇರ ಚುಚ್ಚಿ, ಬರೀ ಗೊರಗೊರ ಅಂತ ಬೈದುಕೊಳ್ಳುವುದು.

ಎಸ್‌.ಪಿ. ರೋಡಿನಿಂದ ತಂದ ಎಲ್‌ಎಂ 386 ಆಂಪ್ಲಿಫೈಯರ್ ಐಸಿ ಬ್ರೆಡ್‌ಬೋರ್ಡಿಗೆ ಇಳಿಯುತ್ತದೆ. ಎಂಟು ಕಾಲು, 9 ವೋಲ್ಟ್ ಸಪ್ಲೈ. ಒಳಬಂದದ್ದನ್ನು ಇದು 20 ಪಟ್ಟು ಹಿಗ್ಗಿಸುತ್ತದೆ. ಪಿನ್ನಿನ 5 ವೋಲ್ಟ್ 100 ಆಗಲು ಸಾಧ್ಯವೇ? ಹಾಗಾಗಿ ಮೊದಲು ಸೋಸಿ ಕುಗ್ಗಿಸಬೇಕು. 1 ಕಿಲೋಓಮ್ ರೆಸಿಸ್ಟರು, ಗ್ರೌಂಡಿಗೆ 33 ನ್ಯಾನೋಫ್ಯಾರಡ್ ಕೆಪಾಸಿಟರು: ಪಿನ್ನು ದನಿಯನ್ನು ಆನ್-ಆಫ್ ಮಾಡುತ್ತಾ ಕಳಿಸುವ ಪಿಡಬ್ಲ್ಯೂಎಂನ 62.5 ಕಿಲೋಹರ್ಟ್ಸ್ ಬಡಿತ ಅಲ್ಲೇ ಬಹುಪಾಲು ಇಂಗಿಹೋಗಿ ಮಾತಿನ ಅಲೆ ಉಳಿಯುತ್ತದೆ. ಅದರ ತಳದಲ್ಲಿರುವ 2.5 ವೋಲ್ಟ್ ಡಿಸಿಯನ್ನು ಮತ್ತೊಂದು ಕೆಪಾಸಿಟರ್ ತಡೆಯುತ್ತದೆ. ಮುಂದೆ 100 ಕಿಲೋಓಮ್ ದಾಟಿ 10 ಕಿಲೋಓಮ್ ವಾಲ್ಯೂಮಿಗೆ ಬರುವಷ್ಟರಲ್ಲಿ ಅಲೆ ಅರ್ಧ ವೋಲ್ಟಿಗೂ ಕಡಿಮೆ.

ಐಸಿಯ ಔಟ್‌ಪುಟ್ ಆದ 5ನೇ ಕಾಲಿಗೆ ಸ್ಪೀಕರನ್ನು ನೇರ ಸಿಕ್ಕಿಸಹೊರಟ ತಮ್ಮನ ಕೈಯನ್ನು ತಟ್ಟುತ್ತಾಳೆ. ದನಿ ಇಲ್ಲದಾಗಲೂ ಆ ಕಾಲು 4.5 ವೋಲ್ಟಿನಲ್ಲೇ ನಿಂತಿರುತ್ತದೆ. ನಡುವೆ 220 ಮೈಕ್ರೋಫ್ಯಾರಡ್ ಕೆಪಾಸಿಟರ್ ಇಲ್ಲದಿದ್ದರೆ ಸ್ಪೀಕರಿನ ಕಾಯಿಲು ಸುಮ್ಮನೆ ಬಿಸಿಯೇರುತ್ತಾ ಕೂರುತ್ತದೆ.

ಮತ್ತೆ ರೀಸೆಟ್. "ಮುಂದಿನ ನಿಲ್ದಾಣ, ಮೆಜೆಸ್ಟಿಕ್!" ಅಡುಗೆಮನೆಯಿಂದ ಅಮ್ಮ ಇಣುಕುತ್ತಾರೆ. ಹಿಂದೆ ಸಣ್ಣ ಶಿಳ್ಳೆಯೊಂದು ಉಳಿದಿದೆ. ಆಂಪ್ಲಿಫೈಯರಿನ ಗ್ರೌಂಡನ್ನು ಬೋರ್ಡಿನ ಉದ್ದಕ್ಕೂ ಸುತ್ತಿಸದೆ ಸೀದಾ ಸಪ್ಲೈಗೇ ಒಯ್ದಾಗ ಅದೂ ತಗ್ಗುತ್ತದೆ. ರೆಡಿಮೇಡ್ ಬೋರ್ಡು ತಂದಿದ್ದರೆ ಈ ಶಿಳ್ಳೆಯ ಜಾಡು ಹಿಡಿಯುವ ಮಜಾ ಎಲ್ಲಿ ಸಿಗುತ್ತಿತ್ತು, ಬಿಡಿ.

"ಕೆಂಗೇರಿ ಹೇಳ್ಸು."

"ಜಾಗ ಇಲ್ವೋ. ಒಂದು ಸೆಕೆಂಡಿಗೆ 8,000 ಬೈಟ್. ಇರೋದೇ 32 ಕೆಬಿ, ನಾಲ್ಕು ಸೆಕೆಂಡಿಗೆ ಮುಗೀತು. ಎಸ್‌ಡಿ ಕಾರ್ಡ್ ತರ್ಬೇಕು."

"ಹಾಗಾದ್ರೆ ಈ ಬಸ್ಸು ಮೆಜೆಸ್ಟಿಕ್‌ಗೆ ಮಾತ್ರಾನಾ?"

"ನಾಳೆ ದುಡ್ಡು ಕೊಡು, ಕೆಂಗೇರಿಗೂ ಬಿಡ್ತೀನಿ."