ಮನೆಗೊಂದೇ ಫೋನು, ಅದರಲ್ಲೇ ಗಾಡ್ ಆಫ್ ವಾರ್

ಚಿಂತಾಮಣಿ, ಶಿಡ್ಲಘಟ್ಟ ಕಡೆ ಸುದ್ದಿಗೆ ಹೋದಾಗ ಹುಡುಗರು ನನ್ನನ್ನ ರಾಜಕೀಯ ಕೇಳಲ್ಲ. 'ಅಣ್ಣ, ಪಿಪಿಎಸ್ಎಸ್‌ಪಿಪಿಯಲ್ಲಿ ಗೇಮ್ ಲ್ಯಾಗ್ ಆಗ್ತದೆ, ಸೆಟ್ಟಿಂಗ್ ಹೇಳಿ' ಅಂತಾರೆ. ಪಿಎಸ್‌ಪಿ ಅನ್ನೋದು ಸೋನಿ ಕಂಪನಿಯ ಕೈಯಲ್ಲಿ ಹಿಡಿದು ಆಡೋ ಗೇಮ್ ಯಂತ್ರ, 2004ರ ಕೊನೆಗೆ ಜಪಾನಿನಲ್ಲಿ ಬಂತು. ನಮ್ಮ ಕಡೆ ಅದನ್ನ ಕಣ್ಣಲ್ಲಿ ಕಂಡವರೇ ಕಡಿಮೆ. 2012ರಲ್ಲಿ ಬಂದ ಈ ಆ್ಯಪ್ ಫೋನನ್ನೇ ಆ ಯಂತ್ರದ ಹಾಗೆ ಕುಣಿಸುತ್ತೆ. ಆ್ಯಪ್ ಉಚಿತ. ದುಡ್ಡು ಕೊಟ್ಟು ಗೋಲ್ಡ್ ತಗೊಂಡರೆ ಗೇಮ್ ವೇಗ ಆಗಲ್ಲ, ಮಾಡಿದವರಿಗೆ ನೆರವು ಅಷ್ಟೆ.

ಶಿಡ್ಲಘಟ್ಟದ ಹತ್ತಿರ ನಮ್ಮಕ್ಕನ ಮನೇಲಿ ಇರೋದು ಒಂದೇ ಸ್ಮಾರ್ಟ್‌ಫೋನು. ರೇಷ್ಮೆಗೂಡಿನ ರೇಟು, ಬ್ಯಾಂಕಿನ ಒಟಿಪಿ, ಹುಡುಗನ ಕಾಲೇಜಿನ ಮೆಸೇಜು ಎಲ್ಲಾ ಅದಕ್ಕೇ ಬರಬೇಕು. ಅಕ್ಕನ ಮಗ ಗಾಡ್ ಆಫ್ ವಾರ್ ಹಿಡಿದು ಕೂತರೆ ಸಂಜೆಗೆ ಚಾರ್ಜ್ ಖಾಲಿ, ಭಾವನ ಬೈಗುಳ ಶುರು. ಅದಕ್ಕೇ ಗ್ರಾಫಿಕ್ಸ್ ಅಂದ್ರೆ ನನಗೆ ಚಂದದ ಮಾತಲ್ಲ, ಬ್ಯಾಟರಿ ಮಾತು.

ಮುಖ್ಯವಾದದ್ದು ರೆಂಡರಿಂಗ್ ರೆಸಲ್ಯೂಷನ್. ಪಿಎಸ್‌ಪಿ ಪರದೆಗೆ ಇದ್ದದ್ದು ಅಡ್ಡಕ್ಕೆ 480, ಮೇಲಿಂದ ಕೆಳಕ್ಕೆ 272 ಪಿಕ್ಸೆಲ್. 2 ಎಕ್ಸ್ ಅಂದ್ರೆ ಕೆಲಸ ಎರಡು ಪಟ್ಟು ಅಂದ್ಕೊಳ್ತಾರೆ. ಅಡ್ಡಕ್ಕೂ ಎರಡು, ಕೆಳಕ್ಕೂ ಎರಡು, ಒಟ್ಟು ಪಿಕ್ಸೆಲ್ ನಾಲ್ಕು ಪಟ್ಟು. 3 ಎಕ್ಸ್‌ಗೆ ಒಂಬತ್ತು ಪಟ್ಟು, 5 ಎಕ್ಸ್‌ಗೆ ಇಪ್ಪತ್ತೈದು. ಯಾರದೋ ದುಬಾರಿ ಫೋನಿನ ವಿಡಿಯೋ ನೋಡಿ 5 ಎಕ್ಸ್ ಇಟ್ಟು, ನಮ್ಮ ಹತ್ತು ಸಾವಿರದ ಫೋನಿಗೆ ಬೈದರೆ ಏನು ನ್ಯಾಯ? ಅವನಿಗೆ 1 ಎಕ್ಸ್ ಇಟ್ಟುಕೊಟ್ಟೆ. 'ಮಸುಕು ಕಾಣ್ತದೆ ಮಾವ' ಅಂದ. ಸುಮ್ಮನೆ ಆಡು ಅಂದೆ. ಹಗುರವಾದ ಗೇಮ್‌ಗಳಿಗೆ ಮಾತ್ರ 2 ಎಕ್ಸ್.

ಬ್ಯಾಕೆಂಡ್ ಅನ್ನೋ ಕಡೆ ವಲ್ಕನ್ ಇಟ್ಟು ನೋಡಿ, ಫೋನಿಗೆ ಒಗ್ಗದಿದ್ದರೆ ಓಪನ್‌ಜಿಎಲ್‌ಗೆ ವಾಪಸ್ ಬನ್ನಿ. ಟೆಕ್ಸ್‌ಚರ್ ಅಪ್‌ಸ್ಕೇಲಿಂಗ್ ಆಫ್. ಇಷ್ಟಾದರೂ ಎಳೆದರೆ ಫ್ರೇಮ್ ಸ್ಕಿಪಿಂಗ್ 1.

ಮೊದಲ ಹತ್ತು ನಿಮಿಷ ಚೆನ್ನಾಗಿ ಓಡಿ ಆಮೇಲೆ ಎಳೆದರೆ ತಪ್ಪು ಸೆಟ್ಟಿಂಗ್‌ನದಲ್ಲ, ಬಿಸಿಯದು. ಫೋನ್ ಕಾದಾಗ ಪ್ರೊಸೆಸರ್ ತಾನೇ ವೇಗ ಇಳಿಸಿಕೊಳ್ಳುತ್ತೆ. ಗೌರಿಬಿದನೂರಿನ ಬೇಸಿಗೆಯಲ್ಲಿ, ಶೀಟಿನ ಮನೆಯೊಳಗೆ, ಚಾರ್ಜಿಗೆ ಹಾಕ್ಕೊಂಡೇ ಆಡಿದರೆ ಯಾವ ಫೋನು ತಡೆಯುತ್ತೆ? ಹಿಂದಿನ ಕವರ್ ತೆಗೀರಿ, ಚಾರ್ಜರ್ ಕೀಳಿ.

ಇನ್ನು ಗೇಮ್ ಫೈಲ್ ವಿಷಯ. ಆ್ಯಪ್ ಕಾನೂನಿನ ಪ್ರಕಾರ ಸರಿ ಇದೆ, ನೆಟ್ಟಿನಲ್ಲಿ ಪುಕ್ಕಟೆ ಸಿಗೋ ಗೇಮ್ ಕಾಪಿಗಳು ಹಾಗಲ್ಲ. ಅದರಲ್ಲೂ 'ಪಿಎಸ್‌ಪಿಗೆ ಜಿಟಿಎ 5' ಅಂತ ಓಡಾಡೋ ಲಿಂಕ್ ಮುಟ್ಟಬೇಡಿ. 2013ರಲ್ಲಿ ಬಂದ ಜಿಟಿಎ 5 ಪಿಎಸ್‌ಪಿಗೆ ಬಂದೇ ಇಲ್ಲ. ಪಿಎಸ್‌ಪಿಗೆ ಬಂದದ್ದು ಲಿಬರ್ಟಿ ಸಿಟಿ ಸ್ಟೋರೀಸ್, ವೈಸ್ ಸಿಟಿ ಸ್ಟೋರೀಸ್, ಚೈನಾಟೌನ್ ವಾರ್ಸ್. ಲಿಂಕ್ ಒತ್ತಿದಾಗ ಗೇಮ್ ಬದಲು ಯಾವುದೋ ಎಪಿಕೆ ಇಳಿದು, ಎಸ್ಸೆಮ್ಮೆಸ್ ಓದೋಕೆ ಪರ್ಮಿಷನ್ ಕೇಳಿದರೆ ಅಲ್ಲೇ ಡಿಲೀಟ್ ಮಾಡಿ. ಭಾವನ ಬ್ಯಾಂಕಿನ ಒಟಿಪಿ ಬರೋದೂ ಆ ಎಸ್ಸೆಮ್ಮೆಸ್‌ನಲ್ಲೇ.