ಮುಚ್ಚಿದೆ ಅನ್ನೋ ವಾಲ್ವು

ಊರಿಗೆ ಹೋದಾಗಲೆಲ್ಲ ಯಾರಾದರೊಬ್ಬರು ಕೇಳೇ ಕೇಳ್ತಾರೆ, "ಏನಮ್ಮಾ, ಬೆಂಗಳೂರಲ್ಲಿ ಏನ್ ಕೆಲಸ?" ಎಲೆಕ್ಟ್ರಿಕ್ ಕಾರು ಅಂದ್ರೆ ಕಣ್ಣರಳಿಸ್ತಾರೆ. ಕಾರಲ್ಲಿ ಏನು ಅಂತ ಮುಂದಿನ ಪ್ರಶ್ನೆ ಬಂದರೆ ನಾನು ಮಾತು ಬದಲಿಸ್ತೀನಿ. ಕೂಲಂಟ್ ಕಂಟ್ರೋಲ್ ವಾಲ್ವ್ ಅಂದರೆ ಯಾರ ಕಣ್ಣೂ ಅರಳೋದಿಲ್ಲ. ಮುಷ್ಟಿಗಿಂತ ಸ್ವಲ್ಪ ದೊಡ್ಡ ಪ್ಲಾಸ್ಟಿಕ್ ಡಬ್ಬಿ, ನಾಲ್ಕು ಬಾಯಿಗೆ ನಾಲ್ಕು ಪೈಪು, ತಲೆ ಮೇಲೊಂದು ಪುಟ್ಟ ಮೋಟಾರು. ನಾಲ್ಕು ವರ್ಷದಿಂದ ನನ್ನ ಬಾಡಿಗೆ, ಇಎಂಐ ಎಲ್ಲ ನಡೀತಿರೋದು ಅದರಿಂದಲೇ.

ಅಪ್ಪನಿಗೆ ಮಾತ್ರ ಒಂದೇ ಸಲಕ್ಕೆ ಅರ್ಥವಾಗಿತ್ತು. ನಮ್ಮೂರು ಕೋಲಾರದ ಕಡೆ. ತಾತ ಕೆರೆಗೆ ನೀರುಗಂಟಿ. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ನೋಡಿಕೊಂಡು ತೂಬು ಎತ್ತೋದು, ಇಳಿಸೋದು ಅವರ ಕೆಲಸ. "ಹಂಗಾದ್ರೆ ನೀನೂ ನೀರುಗಂಟೀನೇ ಅನ್ನು" ಅಂದ ಅಪ್ಪ. ತಮಾಷೆಗೆ ಅಂದಿದ್ದು. ಆದರೆ ನನ್ನ ಕೆಲಸಕ್ಕೆ ಇದಕ್ಕಿಂತ ಒಳ್ಳೆ ಹೆಸರು ಎಚ್‌ಆರ್‌ನವರಿಗೂ ಹೊಳೆದಿಲ್ಲ.

ಪೆಟ್ರೋಲ್ ಕಾರಿನಲ್ಲಿ ಈ ಕೆಲಸ ಸುಲಭ. ಇಂಜಿನ್ 90 ಡಿಗ್ರಿ ಆಸುಪಾಸಿನಲ್ಲಿದ್ದರೆ ಸುಖವಾಗಿರುತ್ತೆ. ಥರ್ಮೋಸ್ಟಾಟ್ ಒಳಗಿನ ಮೇಣ ಕರಗಿ ಹಿಗ್ಗಿದಾಗ ದಾರಿ ತಾನೇ ತೆರೆದುಕೊಳ್ಳುತ್ತೆ, ಯಾರೂ ಹೇಳಬೇಕಾಗಿಲ್ಲ. ಎಲೆಕ್ಟ್ರಿಕ್ ಕಾರು ಕೂಡು ಕುಟುಂಬ ಇದ್ದ ಹಾಗೆ, ಒಬ್ಬೊಬ್ಬರಿಗೆ ಒಂದೊಂದು ಹದ. ಮೋಟಾರು, ಇನ್ವರ್ಟರ್ 60 ಡಿಗ್ರಿ ಕೂಲಂಟ್ ಬಂದರೂ ತಡ್ಕೊಳ್ತವೆ. ಬ್ಯಾಟರಿಗೆ ನಮ್ಮ ಹಾಗೆ 20ರಿಂದ 35ರೊಳಗೆ ಇರಬೇಕು. ಸೊನ್ನೆಗಿಂತ ಕೆಳಗೆ ಚಾರ್ಜ್ ಮಾಡಿದರೆ ಒಳಗೆ ಲಿಥಿಯಂ ಲೋಹವಾಗಿ ಕಟ್ಟಿಕೊಳ್ಳುತ್ತೆ, ಬಿಸಿ ಜಾಸ್ತಿಯಾದರೆ ಬೇಗ ಮುದಿಯಾಗುತ್ತೆ. ಹಾಗಾಗಿ ಚಳಿಯಲ್ಲಿ ಎರಡು ಸುತ್ತನ್ನೂ ಕೂಡಿಸಿ ಮೋಟಾರಿನ ಬಿಸಿಯನ್ನ ಬ್ಯಾಟರಿಗೆ ಕೊಡಬೇಕು. ಬೇಸಿಗೆಯಲ್ಲಿ ಬೇರೆ ಮಾಡಿ, ಬ್ಯಾಟರಿಯ ಕೂಲಂಟನ್ನ ಎಸಿ ಗ್ಯಾಸಿನಿಂದ ತಣ್ಣಗಾಗೋ ಚಿಲ್ಲರ್‌ಗೆ ತಿರುಗಿಸಬೇಕು. ಕೂಡಿಸೋದು, ಬೇರೆ ಮಾಡೋದು ಎರಡೂ ನನ್ನ ವಾಲ್ವಿನ ಕೆಲಸ. (2020ರಲ್ಲಿ ಟೆಸ್ಲಾ ಮಾಡೆಲ್ ವೈನಲ್ಲಿ ಎಂಟು ಬಾಯಿಯ ವಾಲ್ವ್ ಬಂದಾಗ ನಮ್ಮಂಥವರು ಅದರ ಬಿಚ್ಚಿದ ಫೋಟೋಗಳನ್ನ ಸಿನಿಮಾ ಪೋಸ್ಟರ್ ನೋಡೋ ಹಾಗೆ ನೋಡಿದ್ವಿ.)

ಹೋದ ಬೇಸಿಗೆಯ ಟೆಸ್ಟಿನಲ್ಲಿ ಒಂದು ಕಾರು ಹಟ ಹಿಡಿಯಿತು. ಹೈವೇಯಲ್ಲಿ ಓಡಿಸಿ ತಂದು ಫಾಸ್ಟ್ ಚಾರ್ಜರ್‌ಗೆ ಹಾಕಿದರೆ ಬ್ಯಾಟರಿ ತಣ್ಣಗಾಗೋದೇ ಇಲ್ಲ, ಚಾರ್ಜಿಂಗ್ ತಾನೇ ನಿಧಾನವಾಗುತ್ತೆ. ಎರಡು ವಾರ ಕಂಪ್ರೆಸರ್, ಪಂಪು, ಸಾಫ್ಟ್‌ವೇರ್ ಎಲ್ಲರ ಮೇಲೂ ಅನುಮಾನ. ವಾಲ್ವಿನ ಮೇಲೆ ಮಾತ್ರ ಇಲ್ಲ. ಯಾಕಂದರೆ ಅದು ಪ್ರತಿ ಸಲವೂ "ನಾನು ಸರಿಯಾದ ಜಾಗದಲ್ಲಿದ್ದೀನಿ, ಬಿಸಿ ಕಡೆ ಮುಚ್ಚಿದ್ದೀನಿ" ಅಂತ ವರದಿ ಕಳಿಸ್ತಿತ್ತು. ಒಂದೇ ಒಂದು ಫಾಲ್ಟ್ ಕೋಡ್ ಇಲ್ಲ. ವಾಲ್ವ್ ಪಾಸ್ ಅಂತ ರಿಪೋರ್ಟಿಗೆ ಸಹಿ ಹಾಕಿದ್ದವಳು ನಾನು.

ಒಂದು ರಾತ್ರಿ ಫೋನಿನಲ್ಲಿ ಅಪ್ಪನ ಹತ್ತಿರ ಗೋಳು ಹೇಳ್ಕೊಂಡೆ. ಪೂರ್ತಿ ಕೇಳಿಸಿಕೊಂಡು, "ಮುಚ್ಚಿದೆ ಅಂತ ಯಾರು ಹೇಳಿದ್ದು?" ಅಂದ.

"ವಾಲ್ವೇ ಹೇಳುತ್ತಲ್ಲಪ್ಪಾ."

"ಅಲ್ಲಮ್ಮಾ, ತೂಬಿನ ಕೋಲು ಕೆಳಗಿಳೀತು ಅಂದ್ರೆ ನೀರು ನಿಂತಂಗಾ? ಬಿರಡೆ ಕೆಳಗೆ ಒಂದು ಕಡ್ಡಿ ಸಿಕ್ಕೊಂಡಿದ್ರೂ ಸಾಕು. ನಿಮ್ಮ ತಾತ ತೂಬು ಮುಚ್ಚಿದ ಮೇಲೆ ಏರಿ ಇಳಿದು ಕಾಲುವೆ ನೋಡದೆ ಮನೆಗೆ ಬಂದೋರಲ್ಲ."

ನನಗೆ ನಾಚಿಕೆ ಆಯ್ತು. ವಾಲ್ವಿನ ಸೆನ್ಸರ್ ಅಳೆಯೋದು ಶಾಫ್ಟ್ ಎಷ್ಟು ತಿರುಗಿದೆ ಅನ್ನೋದನ್ನ. ನೀರು ನಿಂತಿದೆಯೋ ಇಲ್ಲವೋ ಅದಕ್ಕೆ ಗೊತ್ತಿಲ್ಲ. ಕಾಲೇಜಿನಲ್ಲೇ ಓದಿದ್ದ ವಿಷಯ. ಮಾರನೇ ದಿನ ವಾಲ್ವಿನ ಬ್ಯಾಟರಿ ಕಡೆಯ ಎರಡೂ ಪೈಪಿಗೆ ಥರ್ಮೋಕಪಲ್ ಅಂಟಿಸಿದೆ. ಒಳಗೆ ಹೋಗುವಾಗ ತಣ್ಣಗಿದ್ದ ಕೂಲಂಟು ಹೊರಗೆ ಬರುವಾಗ ಬಿಸಿಯಾಗಿತ್ತು. ನಡುವೆ ಬಿಸಿ ಮಾಡೋಕೆ ಅಲ್ಲಿ ಏನೂ ಇಲ್ಲ. ಬಿಚ್ಚಿ ನೋಡಿದರೆ ರಬ್ಬರ್ ಸೀಲಿನ ಅಂಚಿಗೆ ಕೂದಲಿನಷ್ಟು ಸಣ್ಣ ಪ್ಲಾಸ್ಟಿಕ್ ಸಿಬಿರು ಕಚ್ಚಿಕೊಂಡಿತ್ತು. ಮೋಟಾರಿನ ಕಡೆಯ ಬಿಸಿ ಅಲ್ಲಿಂದ ನುಸುಳ್ತಾ ಇತ್ತು.

ರಿವ್ಯೂ ಮೀಟಿಂಗಿನಲ್ಲಿ ಎದ್ದು ಹೇಳೋದು ಸುಲಭವಿರಲಿಲ್ಲ. ಒಂದೇ ಪೀಸು, ಬದಲಾಯಿಸಿ ಮುಂದೆ ಹೋಗೋಣ ಅಂದರು ಮ್ಯಾನೇಜರ್. ಅದೇ ಬ್ಯಾಚಿನ ವಾಲ್ವುಗಳು ಇನ್ನೂ ಹನ್ನೊಂದು ಕಾರಿನಲ್ಲಿದ್ದವು. ನಾನು ಸಹಿ ಹಾಕಿದ್ದು ಪೊಸಿಷನ್ ನೋಡಿ, ಲೀಕ್ ನೋಡಿ ಅಲ್ಲ, ಎಲ್ಲವನ್ನೂ ಬಿಚ್ಚಬೇಕು ಅಂದೆ. ಗಂಟಲು ಒಣಗಿತ್ತು. ಬಿಚ್ಚಿದ್ವಿ. ಇನ್ನೂ ಎರಡರಲ್ಲಿ ಸಿಬಿರು ಸಿಕ್ಕಿತು. ಲಾಂಚ್ ಮುಂದಕ್ಕೆ ಹೋಯ್ತು, ಆ ವರ್ಷದ ನನ್ನ ರೇಟಿಂಗ್ ಹಿಂದಕ್ಕೆ. ಈಗ ಮುಚ್ಚು ಅಂತ ಹೇಳಿದ ಮೇಲೆ ಎರಡೂ ಕಡೆಯ ಉಷ್ಣತೆಯನ್ನ ಹೋಲಿಸಿ ನೋಡೋ ನಾಲ್ಕು ಸಾಲಿನ ಕೋಡು ಕಾರಿನಲ್ಲಿದೆ. ಅದಕ್ಕೆ 'ಕಾಲುವೆ' ಅಂತ ಹೆಸರಿಟ್ಟಿದ್ದೀನಿ. ಪುಣೆಯ ಟೀಮಿನವರು ಇನ್ನೂ ಅರ್ಥ ಕೇಳ್ತಾನೇ ಇದ್ದಾರೆ.

ಹಬ್ಬಕ್ಕೆ ಊರಿಗೆ ಹೋದಾಗ ಅಪ್ಪನ ಜೊತೆ ಕೆರೆ ಏರಿ ಮೇಲೆ ನಡೆದೆ. ಕೆರೆ ತುಂಬಿತ್ತು. ಕೆ.ಸಿ. ವ್ಯಾಲಿ ಯೋಜನೆಯ ನೀರು, ಅಂದರೆ ನಾವು ಬೆಂಗಳೂರಲ್ಲಿ ಬಳಸಿ ಬಿಟ್ಟಿದ್ದೇ ಶುದ್ಧವಾಗಿ ಬಂದಿರೋದು. ಅಂತರ್ಜಲಕ್ಕೆ ಮಾತ್ರ, ಗದ್ದೆಗೆ ಬಿಡೋ ಹಾಗಿಲ್ಲ. ಅದಕ್ಕೇ ತೂಬು ಮುಚ್ಚೇ ಇದೆ ಅಂದ ಅಪ್ಪ. ಇಬ್ಬರೂ ಏರಿ ಇಳಿದು ನೋಡಿದ್ವಿ. ಕಾಲುವೆಯ ಮಣ್ಣು ಒದ್ದೆಯಾಗಿತ್ತು.