ಆಲಯದಲ್ಲಿಯೂ ಅಡಿಗೆಮನೆಯಲ್ಲಿಯೂ

ಆಚಾರಗಳು ಹೆಚ್ಚಿದಲ್ಲಿ ಭಕ್ತಿಯು ಕ್ಷೀಣಿಸುವುದೆಂದೂ, ಕ್ರೈಸ್ತಮತದಲ್ಲಿ ಆಚಾರಗಳು ಅಲ್ಪವಾದುದರಿಂದ ಆ ಜಾಡ್ಯವು ಅಲ್ಲಿಗೆ ತಟ್ಟಿಲ್ಲವೆಂದೂ ನಮ್ಮ ವಿದ್ಯಾವಂತರಲ್ಲಿ ಕೆಲವರು ಹೇಳುವುದುಂಟು. ನಿವೃತ್ತನಾದ ಮೇಲೆ ಆ ಮತದ ಗ್ರಂಥಗಳನ್ನು ಸಾವಕಾಶವಾಗಿ ಓದಿದ ನನಗೆ ಈ ಮಾತು ನಿಜವೆಂದು ತೋರಲಿಲ್ಲ. ತಿರುಳಿಲ್ಲದ ಆಚಾರದೊಡನೆ ಹೋರಾಟವು ಆ ಮತದ ಹುಟ್ಟಿನೊಡನೆಯೇ ಹುಟ್ಟಿದುದು.

ಲೂಕನ ಸುವಾರ್ತೆಯಲ್ಲಿ ಯೇಸು ಹೇಳಿದ ದೃಷ್ಟಾಂತಕಥೆಯೊಂದಿದೆ. ಇಬ್ಬರು ಪ್ರಾರ್ಥನೆಗಾಗಿ ದೇವಾಲಯಕ್ಕೆ ಹೋಗುವರು. ಒಬ್ಬನು ಫರಿಸಾಯನು, ಶಾಸ್ತ್ರನಿಷ್ಠನು. ಮತ್ತೊಬ್ಬನು ಸುಂಕದವನು, ಜನರ ತಿರಸ್ಕಾರಕ್ಕೆ ಗುರಿಯಾದವನು. ಫರಿಸಾಯನು ವಾರಕ್ಕೆ 2 ಉಪವಾಸ, ಆದಾಯದಲ್ಲಿ ದಶಮಾಂಶ ಎಂದು ದೇವರಿಗೆ ಲೆಕ್ಕ ಒಪ್ಪಿಸಿ, ತಾನು ಈ ಸುಂಕದವನಂತಲ್ಲವೆಂದು ಕೃತಜ್ಞತೆಯನ್ನೂ ಸಲ್ಲಿಸುವನು. ಸುಂಕದವನಾದರೋ ದೂರದಲ್ಲಿ ನಿಂತು, ತಲೆಯೆತ್ತದೆ, ಎದೆ ಬಡಿದುಕೊಂಡು ಕರುಣೆ ಬೇಡುವನು. ದೇವರ ಒಪ್ಪಿಗೆಯನ್ನು ಪಡೆದು ಮನೆಗೆ ಹೋದವನು ಇವನೇ. ಫರಿಸಾಯನನ್ನು ಡಾಂಭಿಕನೆಂದು ಹಳಿದು ಮುಂದೆ ಸಾಗುವುದು ಸುಲಭ. ಆದರೆ ಆತನು ಸುಳ್ಳಾಡಿದನೆಂದು ಕಥೆಯಲ್ಲಿ ಎಲ್ಲಿಯೂ ಇಲ್ಲ. ಉಪವಾಸವನ್ನು ಮಾಡಿಯೇ ಇದ್ದನು, ದಾನವನ್ನು ಕೊಟ್ಟೇ ಇದ್ದನು. ಕೆಟ್ಟದ್ದು, ಪಕ್ಕದವನನ್ನು ಅಳೆಯಲು ಕಣ್ಣು ಹೊರಳಿತಲ್ಲ, ಆಗ. ಪಾಠಶಾಲೆಯಲ್ಲಿ ಕಲಿತ ಸಂಧ್ಯಾವಂದನೆಯನ್ನು ಇಂದಿಗೂ ಬಿಡದ ನನ್ನಂಥವನಿಗೆ ಈ ಕಥೆಯು ಮುಳ್ಳಿನಂತೆ ನಾಟುವುದು.

ಹಾಗಾದರೆ ಆಚಾರವನ್ನೇ ಕಳೆದರಾಯಿತಲ್ಲವೆ ಎಂದರೆ, ಅದನ್ನೂ ಮಾಡಿ ನೋಡಿದ್ದಾರೆ. 1517ರಲ್ಲಿ ಲೂಥರನು ಪಾಪಕ್ಷಮಾಪತ್ರಗಳ ವಿಕ್ರಯವನ್ನು ಖಂಡಿಸಿದ ತರುವಾಯ ಜರ್ಮನಿಯ ಎಷ್ಟೋ ಸೀಮೆಗಳಲ್ಲಿ ಹಳೆಯ ವಿಧಿಗಳು ಹಲವು ತೊಲಗಿದುವು. 1675ರಲ್ಲಿ ಫ್ರಾಂಕ್‌ಫರ್ಟಿನ ಸ್ಪೇನರ್ ಎಂಬ ಪಾದ್ರಿಯು, ಲೂಥರನ ಸಭೆಯಲ್ಲಿಯೇ ಭಕ್ತಿಯು ಒಣಗಿಹೋಗಿದೆಯೆಂದು ಮರುಗಿ ಪುಸ್ತಕ ಬರೆಯಬೇಕಾಯಿತು. ಆತನಿಂದ ಬೆಳೆದ ಭಕ್ತಿಪಂಥದ ಪರಂಪರೆಗೆ ಸೇರಿದವರೇ 1834ರಲ್ಲಿ ನಮ್ಮ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು.

ಸ್ಪೇನರನ ಕಾಲದಲ್ಲಿಯೇ, ಲೂಥರನನ್ನು ಒಪ್ಪದ ರೋಮನ್ ಕ್ಯಾಥೊಲಿಕ್ಕರಲ್ಲಿ, ಲಾರೆನ್ಸ್ ಎಂಬ ಸಹೋದರನಿದ್ದನು. ಮೊದಲು ಸಿಪಾಯಿ; ಯುದ್ಧದಲ್ಲಿ ಗಾಯಗೊಂಡು ಕುಂಟನಾಗಿ, ಪ್ಯಾರಿಸಿನ ಕಾರ್ಮೆಲೈಟ್ ಮಠವನ್ನು ಸೇರಿದವನು. ಆತನಿಗೆ ಅಡಿಗೆಮನೆಯ ಕೆಲಸ ಬಂದಿತು. ಸ್ವಭಾವತಃ ಆ ಕೆಲಸವೆಂದರೆ ಆತನಿಗೆ ಬೇಸರ. ಆದರೂ ಸುಮಾರು 15 ವರ್ಷ ಅಲ್ಲಿಯೇ ಇದ್ದು, ಪಾತ್ರೆಗಳ ಸದ್ದಿನ ನಡುವೆ ದೇವರ ಸನ್ನಿಧಿಯನ್ನು ಅಭ್ಯಾಸಮಾಡಿದನು. ಒಮ್ಮೆ ಮಠಕ್ಕಾಗಿ ದ್ರಾಕ್ಷಾರಸವನ್ನು ಕೊಳ್ಳಲು ಬರ್ಗಂಡಿ ಸೀಮೆಗೆ ಕಳುಹಿದರು. ವ್ಯವಹಾರ ಬಲ್ಲವನಲ್ಲ, ದೋಣಿಯಲ್ಲಿ ನಡೆಯಲಾರದೆ ಪೀಪಾಯಿಗಳ ಮೇಲೆ ಹೊರಳಿಕೊಂಡೇ ಅತ್ತಿತ್ತ ಹೋಗಬೇಕಾಯಿತು. ಅದನ್ನೂ ದೇವರ ಕೆಲಸವೆಂದೇ ಮಾಡಿ ಬಂದನು.

ನನ್ನ ಮನಸ್ಸನ್ನು ಹಿಡಿದುದು ಮತ್ತೊಂದು ಸಂಗತಿ. ಇಷ್ಟಾದರೂ ಆತನು ಮಠದ ನಿಯತ ಪ್ರಾರ್ಥನೆಗಳನ್ನು ಬಿಡಲಿಲ್ಲ. ಮನಸ್ಸು ಓಡಿದಾಗ ಕಳವಳಪಡದೆ, ಮೆಲ್ಲನೆ ಮರಳಿ ಕರೆತರುತ್ತಿದ್ದನು. “ಮನಸ್ಸು ನಿಲ್ಲದ ಮೇಲೆ ಮಂತ್ರವೇತಕ್ಕೆ ತಾತ?” ಎಂದು ನನ್ನ ಮೊಮ್ಮಗನು ಕೇಳುವುದುಂಟು. ನಾನು ಓದಿದ ತರ್ಕದಲ್ಲಿ ಅದಕ್ಕೆ ಉತ್ತರ ದೊರೆಯದೆ ಈ ಅಡಿಗೆಯವನ ಕಥೆಯನ್ನೇ ಹೇಳುತ್ತೇನೆ.

ಕಾಲಿನ ಬಾಧೆ ಹೆಚ್ಚಿದ ಮೇಲೆ ಆತನಿಗೆ ಮಠದವರ ಪಾದರಕ್ಷೆಗಳನ್ನು ಕುಳಿತು ಸರಿಪಡಿಸುವ ಕೆಲಸ ಕೊಟ್ಟರು. 1691ರಲ್ಲಿ ತೀರಿಕೊಂಡನು. ಆತನು ಉಳಿಸಿಹೋದ ಬರಹವೆಂದರೆ ಕೆಲವು ಕಾಗದಗಳು, ಕೆಲವು ಟಿಪ್ಪಣಿಗಳು, ಅಷ್ಟೆ.